ರಾಯರ ಹೂ ನಡಿಗೆ

ಮನೆಯ ಕುಂಡಗಳಿಗೆ ನೀರು ಹಾಕುವುದು ಹೆಂಡತಿ, ಊರಿನ ಮರಗಳ ಉಸ್ತುವಾರಿ ತಾನು ಎಂದು ಕೆಲಸ ಹಂಚಿಕೊಂಡ ಹಿರಿಯರೊಬ್ಬರು ಬೆಂಗಳೂರಿನ ಪ್ರತಿ ಹಳೆಯ ಬಡಾವಣೆಯಲ್ಲೂ ಸಿಗುತ್ತಾರೆ. ಬಸವನಗುಡಿಗೆ ಒಬ್ಬರು, ಜಯನಗರದಲ್ಲಿ ಬ್ಲಾಕಿಗೊಬ್ಬರು, ಮಲ್ಲೇಶ್ವರಕ್ಕೆ ಇಬ್ಬರು; ಆ ಇಬ್ಬರ ನಡುವೆ ಮಾತಿಲ್ಲ. ಹೆಸರು ಏನೇ ಇರಲಿ, ನಾವು ರಾಯರು ಅನ್ನೋಣ. ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ನಿವೃತ್ತರಾದವರು. ಸಸ್ಯಶಾಸ್ತ್ರ ಓದಿದವರಲ್ಲ. ‘ನಾನು ಹುಟ್ಟಿದ್ದೇ ಇಲ್ಲಿ ಕಣಪ್ಪಾ’ ಎಂಬುದೇ ಅವರ ಡಿಗ್ರಿ.

ವರ್ಷದ ಉಳಿದ ದಿನಗಳಲ್ಲಿ ರಾಯರಿಗೂ ಮಿಕ್ಕ ಪಿಂಚಣಿದಾರರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಶುಗರ್, ಬಿ.ಪಿ., ರಸ್ತೆ ಗುಂಡಿ, ಈಗಿನ ರಾಜಕೀಯ. ಸಂಕ್ರಾಂತಿ ಕಳೆದು, ಎಲೆ ಉದುರಿಸಿಕೊಂಡು ನಿಂತ ಟಬೂಬಿಯಾದ ಕೊಂಬೆಯಲ್ಲಿ ಮೊಗ್ಗು ಕಂಡಿತೋ, ಮನುಷ್ಯನೇ ಬೇರೆ. ಬೆಳಗಿನ ಐದಕ್ಕೆ ವಾಟ್ಸ್ಯಾಪ್ ಗುಂಪಿನಲ್ಲಿ ಸುತ್ತೋಲೆ ಬೀಳುತ್ತದೆ: ‘ಜಯನಗರದಲ್ಲಿ ಗುಲಾಬಿ ಶುರು. ಹಳದಿ ಇನ್ನು ನಾಲ್ಕು ದಿನ. ಭಾನುವಾರ ಆರೂವರೆ, ಲಾಲ್‌ಬಾಗ್ ಪಶ್ಚಿಮ ದ್ವಾರ. ಸಮಯಪಾಲನೆ ಕಡ್ಡಾಯ.’ ಅದಕ್ಕೆ ಹನ್ನೆರಡು ಜನ ಕೈಮುಗಿಯುವ ಚಿತ್ರ ಕಳಿಸುತ್ತಾರೆ, ಒಬ್ಬರು ‘ಪಾರ್ಕಿಂಗ್ ಸಿಗುತ್ತಾ?’ ಅಂತ ಕೇಳುತ್ತಾರೆ, ಇನ್ನೊಬ್ಬರು ಯಾರಿಗೋ ಹೋಗಬೇಕಿದ್ದ ಹುಟ್ಟುಹಬ್ಬದ ಶುಭಾಶಯವನ್ನು ಇಲ್ಲಿಗೆ ಹಾಕಿ ಅಳಿಸುತ್ತಾರೆ.

ಭಾನುವಾರ ಆರು ಗಂಟೆಗೇ ರಾಯರು ಗೇಟಿನ ಬಳಿ ಹಾಜರು. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಬಿಳೀ ಕ್ಯಾನ್ವಾಸ್ ಶೂ, ಕತ್ತಿಗೆ ಅಮೆರಿಕದ ಮಗ ತಂದುಕೊಟ್ಟ ದುರ್ಬೀನು ಮತ್ತು ಒಂದು ಸೀಟಿ. ಕೈಯಲ್ಲಿ ಊರುಗೋಲೂ ಉಂಟು. ಅದು ನೆಲ ಮುಟ್ಟಿದ್ದನ್ನು ಕಂಡವರಿಲ್ಲ. ಅದು ಇರುವುದು ಕೊಂಬೆ ತೋರಿಸುವುದಕ್ಕೆ. ರಾಯರು ಕೋಲೆತ್ತಿದರೆ ಹಿಂದಿದ್ದವರು ಎರಡು ಹೆಜ್ಜೆ ಸರಿಯುತ್ತಾರೆ. ಇದು ಅನುಭವದಿಂದ ಬಂದ ಶಿಸ್ತು.

ನಡಿಗೆ ಎಂದು ಹೆಸರು, ಅಷ್ಟೆ. ಲಾಲ್‌ಬಾಗಿನ ವಿಸ್ತಾರ 240 ಎಕರೆ. ಎಂಟು ಗಂಟೆಯೊಳಗೆ ನಾವು ಕ್ರಮಿಸುವುದು ಹೆಚ್ಚೆಂದರೆ ಎರಡು ತಿರುವು. ಉಳಿದ ಹೊತ್ತೆಲ್ಲ ನಿಂತು ಕೇಳುವುದು. ಗುಂಪಿನಲ್ಲಿ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ವ್ರತ ಹಿಡಿದ ಒಬ್ಬರಿದ್ದಾರೆ. ಅವರು ವ್ರತಭಂಗವಾಗದಿರಲೆಂದು ಉಪನ್ಯಾಸ ಮುಗಿಯುವವರೆಗೆ ನಮ್ಮನ್ನೇ ಪ್ರದಕ್ಷಿಣೆ ಹಾಕುತ್ತಿರುತ್ತಾರೆ. ಹೊಸದಾಗಿ ಬಂದವರು ಅವರನ್ನು ನೋಡಿ ಇದೂ ಕಾರ್ಯಕ್ರಮದ ಭಾಗವಿರಬೇಕು ಅಂದುಕೊಂಡು ಹಿಂದೆ ಹೊರಟುಬಿಡುವುದುಂಟು.

ಮೊದಲ ಉಪನ್ಯಾಸ ಯಾವಾಗಲೂ ಕ್ರುಂಬಿಗಲ್ ಬಗ್ಗೆ. ಡ್ರೆಸ್ಡೆನ್ ಹತ್ತಿರ ಹುಟ್ಟಿದ ಈ ಜರ್ಮನ್ ತೋಟಗಾರ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಸುತ್ತಿ, 1908ರಲ್ಲಿ ಬೆಂಗಳೂರಿಗೆ ಬಂದು 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ. ಒಂದು ಬೀದಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಬೀದಿಯದು ಶುರುವಾಗಬೇಕು, ವರ್ಷದಲ್ಲಿ ಯಾವ ತಿಂಗಳೂ ಊರು ಬೋಳಾಗಿ ಕಾಣಬಾರದು ಎಂಬುದು ಆತನ ಲೆಕ್ಕಾಚಾರ. ಜಕರಂಡ ಮುಗಿಯುವಾಗ ಗುಲ್‌ಮೊಹರ್, ಅದರ ಬೆನ್ನಿಗೆ ಇನ್ನೊಂದು. ಇಷ್ಟನ್ನು ರಾಯರು ಚೆನ್ನಾಗಿಯೇ ಹೇಳುತ್ತಾರೆ. ಆದರೆ ಕ್ರುಂಬಿಗಲ್ ಹೆಸರು ಬಂದ ಕೂಡಲೇ ಅವರ ದನಿಯಲ್ಲಿ ಒಂದು ಸಲುಗೆ ಸೇರಿಕೊಳ್ಳುತ್ತದೆ, ಇಬ್ಬರೂ ಒಂದೇ ಶಾಖೆಯಲ್ಲಿ ಕೆಲಸ ಮಾಡಿ ಆತ ಮಾತ್ರ ಬಡ್ತಿ ಪಡೆದುಕೊಂಡು ಹೋದನೇನೋ ಅನ್ನಿಸುವಷ್ಟು.

1980ರ ದಶಕಕ್ಕೆ ಬಂದರಂತೂ ಅವರೇ ಪಾತ್ರಧಾರಿ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದ ಕಾಲವದು. ಈಗ ನಾವು ಯಾರದೋ ಮನೆ ಮುಂದೆ ಪುಕ್ಕಟೆ ನೆರಳು ಹುಡುಕಿ ಸ್ಕೂಟರ್ ನಿಲ್ಲಿಸುತ್ತೇವಲ್ಲ, ಅದರಲ್ಲಿ ದೊಡ್ಡ ಪಾಲು ಆ ಸಸಿಗಳದ್ದು. ರಾಯರು ಇದನ್ನು ಹೇಳುವುದು ‘ಆಗ ನಾವು ನೆಟ್ಟಿದ್ದು’ ಎಂದು. ವಿಚಾರಿಸಿದರೆ ತಿಳಿಯುತ್ತದೆ: ಸಸಿಯ ಲಾರಿ ಅವರ ಬೀದಿಗೆ ಬಂದಾಗ ಕೂಲಿಯವರಿಗೆ ಒಂದು ಚೊಂಬು ನೀರು ಕೊಟ್ಟಿದ್ದರು.

ಮಾರ್ಚ್ ತಿಂಗಳ ನಡಿಗೆಯಲ್ಲಿ ನಾಗಲಿಂಗ ಮರದ ಮುಂದೆ ಒಂದು ಸಣ್ಣ ಸಂಗ್ರಾಮ ನಡೆಯಿತು. ಈ ಮರ ಹೂ ಬಿಡುವುದು ಕೊಂಬೆ ತುದಿಯಲ್ಲಲ್ಲ, ಬೊಡ್ಡೆಯಿಂದಲೇ ಹೊರಟು ಜೋತುಬಿದ್ದ ಕಡ್ಡಿಗಳಲ್ಲಿ. ದಪ್ಪನೆಯ ಕೆಂಪು ದಳಗಳ ನಡುವೆ ಬಿಳಿಯ ಪುಟ್ಟ ಲಿಂಗ, ಅದರ ಮೇಲೆ ಕೇಸರಗಳೆಲ್ಲ ಒಟ್ಟಾಗಿ ಬಾಗಿ ಹಿಡಿದ ಹೆಡೆ. ಹತ್ತು ಅಡಿ ದೂರಕ್ಕೂ ಪರಿಮಳ. ಪಕ್ಕದಲ್ಲೇ ತೂಗುವ ಗುಂಡನೆಯ ಕಾಯಿ ಒಡೆದರೆ ಮಾತ್ರ ಮೂಗು ಮುಚ್ಚಿಕೊಳ್ಳಬೇಕು. ಪೂಜೆಗೆಂದು ಸದಾ ಪ್ಲಾಸ್ಟಿಕ್ ಕವರ್ ಹಿಡಿದೇ ಬರುವ ಗುಂಪಿನ ಹಿರಿಯಮ್ಮ ಬಿದ್ದ ಹೂವೊಂದನ್ನು ಕಣ್ಣಿಗೊತ್ತಿಕೊಂಡು, “ಸಾಕ್ಷಾತ್ ಶಿವ. ಕಾಶಿಯಿಂದ ತಂದ ಮರ ಇರಬೇಕು, ಅಲ್ವಾ ರಾಯರೇ?” ಅಂದರು.

“ಕಾಶಿ ಅಲ್ಲಮ್ಮಾ, ದಕ್ಷಿಣ ಅಮೆರಿಕ.”

“ಅಮೆರಿಕದಲ್ಲಿ ಶಿವ ಇಲ್ವೇ? ನನ್ನ ಮಗಳ ಮನೆ ಪಕ್ಕದಲ್ಲೇ ದೇವಸ್ಥಾನ ಇದೆ. ಸೋಮವಾರ ಸೋಮವಾರ ರುದ್ರಾಭಿಷೇಕ.”

ರಾಯರು ಇದಕ್ಕೆ ಉತ್ತರ ತಯಾರು ಮಾಡಿಕೊಂಡಿರಲಿಲ್ಲ. ಅಷ್ಟರಲ್ಲಿ ಪಿ.ಜಿ.ಯಲ್ಲಿರುವ ಸಾಫ್ಟ್‌ವೇರ್ ಹುಡುಗಿಯೊಬ್ಬಳು, “ಅಂಕಲ್, ಟಬೂಬಿಯಾ ಎಲ್ಲಿಯದು?” ಎಂದು ಕೇಳಿದಳು. ಅಮೆರಿಕ. ಜಕರಂಡ? ಅದೂ ದಕ್ಷಿಣ ಅಮೆರಿಕದ್ದೇ. ಗುಲ್‌ಮೊಹರ್? ಮಡಗಾಸ್ಕರ್. ಮಳೆಮರ? ಮತ್ತೆ ಅಮೆರಿಕ. “ಹಾಗಾದ್ರೆ ನಮ್ಮೂರ ಮರ ಯಾವುದು ಅಂಕಲ್?” ‘ಅಂಕಲ್’ ಎಂಬುದನ್ನು ಸಹಿಸಿಕೊಂಡ ರಾಯರಿಗೆ ‘ನಮ್ಮೂರು’ ಎಂಬುದನ್ನು ಸಹಿಸುವುದು ಕಷ್ಟವಾಯಿತು, ಹುಡುಗಿ ಬೆಂಗಳೂರಿಗೆ ಬಂದು ಎರಡು ವರ್ಷವೂ ಆಗಿಲ್ಲ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೇ 1898ರ ಪ್ಲೇಗಿನ ನಂತರ, ರಾಯರ ತಾತ ಅಲ್ಲಿಗೆ ಮುಳಬಾಗಿಲಿನಿಂದ ಬಂದವರು ಎಂಬುದು ನನಗೆ ಗೊತ್ತು. ಹೇಳಿದವರು ರಾಯರಲ್ಲ, ಅವರ ಹೆಂಡತಿ.

“ಬೇವು ಇದೆ, ಕಕ್ಕೆ ಇದೆ… ಹೊಂಗೆ ಇದೆ” ಎಂದರು ರಾಯರು. ಹೊಂಗೆಯ ಹೆಸರು ಹೇಳುವಾಗ ದನಿ ಯಾಕೋ ಇಳಿಯಿತು.

ಗೊತ್ತಿಲ್ಲದ ಮರ ಎದುರಾದರೆ ರಾಯರಿಗೆ ಒಂದು ಉಪಾಯವಿದೆ. “ಇದು ಹೂ ಬಿಟ್ಟಾಗಲೇ ನೋಡಬೇಕು” ಎಂದು ಮುಂದೆ ಹೋಗುತ್ತಾರೆ. ಈ ಉಪಾಯಕ್ಕೆ ಈಗ ಕಂಟಕವಾಗಿರುವುದು ಮೊಬೈಲು. ಯಾವನೋ ಎಲೆಯ ಮುಂದೆ ಫೋನ್ ಹಿಡಿದು ಲ್ಯಾಟಿನ್ ಹೆಸರು ಓದಿಬಿಡುತ್ತಾನೆ. “ಅದಕ್ಕೇನಪ್ಪಾ ಗೊತ್ತು? ಅದು ಬೆಂಗಳೂರಲ್ಲಿ ಹುಟ್ಟಿದ್ದಾ?” ಎಂಬುದು ರಾಯರ ಪ್ರತಿವಾದ. ಫೋನನ್ನಾದರೂ ಹೀಗೆ ಬಾಯಿ ಮುಚ್ಚಿಸಬಹುದು. ಅವತ್ತು ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದ ಹುಬ್ಬಳ್ಳಿ ಹುಡುಗನ ಬಾಯಿ ಮುಚ್ಚಿಸಲು ಆಗಲಿಲ್ಲ.

“ಸರ್ರ, ಇಲ್ಲಿ ಮುತ್ತಲ ಇಲ್ಲೇನ್ರಿ? ನಮ್ಮ ಕಡೆ ಈಗ ಒಂದ್ ಎಲಿ ಇರಂಗಿಲ್ಲ ನೋಡ್ರಿ, ಗಿಡದ ತುಂಬ ಕೆಂಪ್ ಹೂವ. ನಮ್ಮಜ್ಜಿ ಅದರ ಎಲಿ ಹಚ್ಚಿ ಪತ್ರೋಳಿ ಮಾಡತಿದ್ಲು. ಹೋಳಿಗೆ ಹೂವ ಕುದಿಸಿ ಬಣ್ಣ ಮಾಡತಿದ್ವಿ. ಅಂಗಿಗೆ ಹತ್ತಿದ್ರ ಯುಗಾದಿ ತನಕ ಹೋಗತಿರಲಿಲ್ರಿ.”

ಗುಂಪು ಪೂರ್ತಿ ಅವನ ಕಡೆ ತಿರುಗಿತು. ಹಿರಿಯಮ್ಮ ಪತ್ರೋಳಿಗೆ ಎಷ್ಟು ಎಲೆ ಬೇಕಾಗುತ್ತದೆ ಎಂದು ವಿಚಾರಿಸತೊಡಗಿದರು. ಪ್ರದಕ್ಷಿಣೆಯವರು ಕೂಡ ನಿಂತುಬಿಟ್ಟರು, ಅದು ದಾಖಲೆ. ರಾಯರು ದುರ್ಬೀನನ್ನು ಕಣ್ಣಿಗೇರಿಸಿ ಆಕಾಶದಲ್ಲಿ ಏನನ್ನೋ ಹುಡುಕಿದರು, ಸಿಗಲಿಲ್ಲ. ಆಮೇಲೆ ಸೀಟಿ ಊದಿದರು. “ಟೈಮಾಯ್ತು, ಟೈಮಾಯ್ತು. ದೋಸೆಗೆ ಕ್ಯೂ ಬೆಳೆಯುತ್ತೆ!”

ಇದು ಮಾತ್ರ ಯಾರೂ ಪ್ರಶ್ನಿಸದ ಆದೇಶ. ಲಾಲ್‌ಬಾಗ್ ರಸ್ತೆಯಲ್ಲಿ 1924ರಿಂದ ಮಾವಳ್ಳಿ ಟಿಫಿನ್ ರೂಮ್ಸ್ ನಡೆಯುತ್ತಿರುವುದು ಇಂಥ ನಡಿಗೆಗಳ ಭವಿಷ್ಯವನ್ನು ಕಂಡೇ ಇರಬೇಕು. ಎರಡು ತಿರುವಿಗೆ ಒಂದೂವರೆ ಗಂಟೆ ತೆಗೆದುಕೊಂಡ ಗುಂಪು ಅಷ್ಟು ದೂರವನ್ನು ಕಣ್ಣು ಮುಚ್ಚಿ ತೆರೆಯುವುದರಲ್ಲಿ ದಾಟಿತ್ತು. ಕ್ಯೂನಲ್ಲಿ ನಿಂತಾಗ ರಾಯರಿಗೆ ಹೋದ ಗತ್ತು ವಾಪಸು ಬಂತು. ಮೊದಲು ಈ ಊರಲ್ಲಿ ಫ್ಯಾನೇ ಇರಲಿಲ್ಲ, ಏಪ್ರಿಲ್‌ನಲ್ಲೂ ಸ್ವೆಟರ್ ಹಾಕುತ್ತಿದ್ದೆವು ಎಂದರು. ಹುಬ್ಬಳ್ಳಿ ಹುಡುಗ “ಹೌದೇನ್ರಿ!” ಎಂದು ಬಾಯಿ ತೆರೆದ. ಅವನ ಮೇಲೆ ರಾಯರಿಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಕಾಫಿ ಬಿಲ್ಲು ತಾವೇ ಕೊಟ್ಟರು.

ಆ ಖುಷಿಯಲ್ಲೇ ನಾಲ್ಕೈದು ಜನರನ್ನು ತಮ್ಮ ಬೀದಿಗೂ ಕರೆದುಕೊಂಡು ಹೋದರು. ಅದೇ ಎಡವಟ್ಟಾಯಿತು. ಮನೆ ಮುಂದೆ ಒಂದು ಒಳ್ಳೆಯ ಹೊಂಗೆ ಮರ, ಆ ಚೊಂಬು ನೀರಿನ ಕಾಲದ್ದು. ಯುಗಾದಿಗೆ ಮುಂಚಿನ ಹೊಸ ಎಲೆ, ಬಿಸಿಲು ಬಿದ್ದರೆ ಎಣ್ಣೆ ಹಚ್ಚಿದ ಹೊಳಪು. ಕೆಳಗೆ ನಸುನೇರಳೆ ಅಂಚಿನ ಬಿಳಿ ಹೂ ರಸ್ತೆ ತುಂಬ ಪುರಿ ಚೆಲ್ಲಿದ ಹಾಗೆ ಬಿದ್ದಿತ್ತು. ರಾಯರ ಕಾರಿನ ಮೇಲೂ ಬಿದ್ದಿತ್ತು. ಕಾರಿಗೆ ಹೊದಿಕೆ, ಆ ಹೊದಿಕೆಗೆ ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಪೊರಕೆ ಹಿಡಿದು ಗುಡಿಸುತ್ತಿದ್ದ ರಾಯರ ಹೆಂಡತಿ ನಮ್ಮನ್ನು ಕಂಡು ನಕ್ಕು, ಗಂಡನಿಗೆ ಹೇಳಿದರು:

“ಏನ್ರೀ, ಪಾಲಿಕೆ ಆಫೀಸಿನಿಂದ ಫೋನ್ ಬಂದಿತ್ತು. ನೀವು ಕೊಟ್ಟಿದ್ರಲ್ಲ ಅರ್ಜಿ, ಕಾರಿನ ಮೇಲೆ ಹೂ ಬೀಳುತ್ತೆ ಅಂತ. ಕೊಂಬೆ ಯಾವತ್ತು ಕಡೀಬೇಕು ಅಂತ ಕೇಳಿದ್ರು.”

“ಕಡಿಯೋದಲ್ಲ ಕಣೇ, ಸವರೋದು” ಎಂದರು ರಾಯರು.

ಯಾರೂ ತುಟಿ ಬಿಚ್ಚಲಿಲ್ಲ. ಕುಡಿದ ಕಾಫಿಯ ಋಣ ಇತ್ತು. ಆಡಿಕೊಳ್ಳುವ ನಮ್ಮಲ್ಲಿ ಎಷ್ಟು ಜನರ ಕಾರು ಮರದಡಿ ನಿಲ್ಲುವುದಿಲ್ಲ, ಎಷ್ಟು ಜನ ಮನದಲ್ಲೇ ಅಂಥ ಅರ್ಜಿ ಬರೆದಿಲ್ಲ ಎಂಬುದೂ ಇತ್ತು. ಹಿರಿಯಮ್ಮ ಮಾತ್ರ ಏನೂ ಕೇಳಿಸದವರ ಹಾಗೆ ಕವರ್ ಬಿಚ್ಚಿ ಹೊಂಗೆಯ ಚಿಗುರು ಎರಡು ತುಂಬಿಕೊಂಡರು, ಹಬ್ಬಕ್ಕೆ.

ಕೊಂಬೆ ಇನ್ನೂ ಇದೆ. ರಾಯರು ಮನಸ್ಸು ಬದಲಿಸಿದರೋ, ಕಚೇರಿಯವರು ಮರೆತರೋ, ಕೇಳುವ ಧೈರ್ಯ ಗುಂಪಿನಲ್ಲಿ ಯಾರಿಗೂ ಇಲ್ಲ. ಏಪ್ರಿಲ್ ನಡಿಗೆಯ ಸುತ್ತೋಲೆ ಬಂದಿದೆ: ಕಬ್ಬನ್ ಪಾರ್ಕಿನ ಗುಲ್‌ಮೊಹರ್. ನೀವೂ ಬನ್ನಿ, ಯಾವ ಊರಲ್ಲಿ ಹುಟ್ಟಿದ್ದರೂ ಅಡ್ಡಿಯಿಲ್ಲ. ನೀರಿನ ಬಾಟಲಿ ನಿಮ್ಮದೇ, ದೋಸೆಯ ದುಡ್ಡೂ ನಿಮ್ಮದೇ. ರಾಯರು ಕೋಲೆತ್ತಿದಾಗ ಎರಡು ಹೆಜ್ಜೆ ಹಿಂದೆ ಸರಿಯಿರಿ, ಮತ್ತೆ ದಯವಿಟ್ಟು ಹೊಂಗೆಯ ಮಾತು ಮಾತ್ರ ಎತ್ತಬೇಡಿ.