ಮೂವತ್ತೆರಡರ ಪ್ಯಾಂಟು

ಹಿಂದೆ ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿರುತ್ತಿದ್ದ ತೂಕದ ಯಂತ್ರದ ಸೌಜನ್ಯವನ್ನು ಕಂಡವರೇ ಬಲ್ಲರು. ಬಣ್ಣದ ದೀಪ ಮಿನುಗಿಸುತ್ತ, ಗಾಜಿನೊಳಗೆ ಚಕ್ರವೊಂದನ್ನು ಗಿರಗಿರನೆ ತಿರುಗಿಸುತ್ತ ಅದು ಕರೆಯುತ್ತಿತ್ತು. ಹತ್ತಿ ನಿಂತು, ಚಕ್ರ ನಿಂತ ಮೇಲೆ ನಾಣ್ಯ ಹಾಕಿದರೆ ಟಿಕೇಟಿನಂಥ ದಪ್ಪ ಕಾಗದದ ಚೂರೊಂದು ಟಕ್ಕೆಂದು ಬೀಳುತ್ತಿತ್ತು. ಅದರಲ್ಲಿ ತೂಕವೂ ಇರುತ್ತಿತ್ತು, ಭವಿಷ್ಯವೂ ಇರುತ್ತಿತ್ತು. ನೀವು ಎಷ್ಟೇ ಕಿಲೋ ಇರಿ, ಯಂತ್ರದ ಪ್ರಕಾರ ಸ್ನೇಹಪ್ರಿಯರು, ಉದಾರಿಗಳು, ಸದ್ಯದಲ್ಲೇ ಶುಭವಾರ್ತೆ ಕೇಳಲಿರುವವರು. ತೂಕ ಓದಿ ಮುಖ ಗಂಟಿಕ್ಕಿದವನು ಭವಿಷ್ಯ ಓದಿ ನಗುತ್ತ ರೈಲು ಹತ್ತುತ್ತಿದ್ದ. ಈಗ ಮನೆಮನೆಯ ಮಂಚದ ಕೆಳಗೆ ಬಿದ್ದಿರುವ ಡಿಜಿಟಲ್ ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಗ್ರಾಮಿನ ಲೆಕ್ಕದಲ್ಲಿ ಸತ್ಯ ನುಡಿದು ಕಣ್ಣು ಮುಚ್ಚಿಕೊಳ್ಳುತ್ತದೆ.

ಮೈಸೂರಿನ ನಮ್ಮ ಭಾವ ಈ ಯಂತ್ರದ ಜೊತೆ ಬಹುಕಾಲದಿಂದ ಸಂಧಾನ ನಡೆಸಿಕೊಂಡು ಬಂದವರು. ಚಪ್ಪಲಿ ಬಿಟ್ಟು, ಕನ್ನಡಕ ತೆಗೆದು, ಉಸಿರು ಹೊರಹಾಕಿ ಹತ್ತುತ್ತಾರೆ. ಕನ್ನಡಕ ತೆಗೆದದ್ದರಿಂದ ಅಂಕಿ ಕಾಣಿಸುವುದಿಲ್ಲ. ಅಕ್ಕನನ್ನು ಕರೆದು ಓದಿಸುತ್ತಾರೆ, ಆಮೇಲೆ ಅವಳ ಮೇಲೆ ರೇಗುತ್ತಾರೆ.

ಹಾಗೆಂದು ಭಾವ ನಿರಾಶಾವಾದಿಯಲ್ಲ. ಒಂದು ದೀಪಾವಳಿಯ ರಿಯಾಯಿತಿ ಮಾರಾಟದಲ್ಲಿ ಸೊಂಟ ಮೂವತ್ತೆರಡರ ಪ್ಯಾಂಟು ಕೊಂಡುತಂದರು. ಆಗ ಅವರ ಸೊಂಟ ಮೂವತ್ತೆಂಟು. "ಗುರಿ ಕಣ್ಣೆದುರಿಗೇ ಇರಬೇಕು ಕಣೋ" ಎಂದು ನನಗೆ ಬೋಧಿಸಿ ಅದನ್ನು ಬೀರುವಿನಲ್ಲಿ ಎಲ್ಲಕ್ಕಿಂತ ಮುಂದೆ ತೂಗುಹಾಕಿದರು. ಸಾಲದೆಂಬಂತೆ ತಮ್ಮ ಕಾಲೇಜು ದಿನಗಳ ಫೋಟೋ ಒಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಕೆನ್ನೆ ಒಳಗೆ ಹೋಗಿ, ಷರಟು ಗೂಟಕ್ಕೆ ಸಿಕ್ಕಿಸಿದಂತೆ ಜೋತುಬಿದ್ದ ಫೋಟೋ. ಅಕ್ಕ ಮೊಸರು ತೆಗೆಯಲು ಬಂದವಳು ಅದನ್ನೊಮ್ಮೆ ನೋಡಿ, "ರೀ, ಇದು ನೀವು ಟೈಫಾಯ್ಡಿನಿಂದ ಎದ್ದಾಗ ತೆಗೆದದ್ದು ಅಂತ ಅತ್ತೆ ಹೇಳ್ತಿದ್ರಲ್ಲ?" ಎಂದಳು. ಭಾವ ಉತ್ತರಿಸಲಿಲ್ಲ. ಫೋಟೋ ಮಾತ್ರ ಅಲ್ಲೇ ಇತ್ತು.

ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಸುಭಾಷಿತಗಳೆಲ್ಲ ಇದನ್ನೇ ಹೇಳುತ್ತವೆ: ಕಣ್ಣು ಮುಚ್ಚಿ, ತೆಳ್ಳಗಾದ ನಿಮ್ಮನ್ನು ಕಲ್ಪಿಸಿಕೊಳ್ಳಿ, ಆಗಿಯೇ ಆಗುತ್ತೀರಿ. ಗೇಬ್ರಿಯೆಲ್ ಓಟಿಂಗನ್ ಎಂಬ ಮನೋವಿಜ್ಞಾನಿ ಮತ್ತು ಥಾಮಸ್ ವ್ಯಾಡನ್ 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಉತ್ಸಾಹಕ್ಕೆ ತಣ್ಣೀರೆರಚುತ್ತದೆ. ತೂಕ ಇಳಿಸಲು ಸೇರಿದ್ದ ಹೆಂಗಸರಲ್ಲಿ, 'ನನ್ನಿಂದ ಆಗುತ್ತದೆ' ಎಂದು ನಂಬಿದವರು ಒಂದು ವರ್ಷದ ಹೊತ್ತಿಗೆ ಹೆಚ್ಚು ಇಳಿದಿದ್ದರು. ತೆಳ್ಳಗಾದ ತಮ್ಮನ್ನು ನೋಡಿ ಗೆಳತಿ ಹೇಗೆ ಬೆರಗಾಗುತ್ತಾಳೆ ಎಂದೆಲ್ಲ ಸವಿಯಾಗಿ ಕಲ್ಪಿಸಿಕೊಂಡವರು ಇಳಿದದ್ದು ಕಡಿಮೆ. ನಂಬಿಕೆ ಬೇರೆ, ಹಗಲುಗನಸು ಬೇರೆ ಎಂದಾಯಿತು. ಮನಸ್ಸು ಕಲ್ಪನೆಯಲ್ಲೇ ಹಬ್ಬದೂಟ ಮುಗಿಸಿ ಕೈತೊಳೆದುಕೊಂಡರೆ ಆಮೇಲೆ ಒಲೆ ಹಚ್ಚುವ ಚೈತನ್ಯ ಎಲ್ಲಿಂದ ಬರಬೇಕು? ಆ ಪ್ಯಾಂಟನ್ನು ದಿನಾ ನೋಡಿ ನೋಡಿ ಭಾವನವರ ಮನಸ್ಸು ಅದನ್ನು ತೊಟ್ಟು, ಒಗೆದು, ಇಸ್ತ್ರಿಯನ್ನೂ ಮಾಡಿಟ್ಟಿತ್ತು ಎಂದು ನನ್ನ ಅನುಮಾನ.

ಅಕ್ಕನ ವಿಷಯ ಬೇರೆ. ಅವಳು ತೂಕದ ಯಂತ್ರ ಹತ್ತಿದ್ದನ್ನು ನಾನು ನೋಡಿಯೇ ಇಲ್ಲ. ಅವಳು ಹತ್ತುವುದು ಚಾಮುಂಡಿ ಬೆಟ್ಟ. ಆಷಾಢದ ಶುಕ್ರವಾರ ಜನಜಾತ್ರೆಯೆಂದು ಬೇರೆ ದಿನ ನೋಡಿಕೊಂಡು, ಇನ್ನೂ ಕತ್ತಲಿರುವಾಗಲೇ ಪಾದದ ಹತ್ತಿರ ಹಾಜರು. ಕೈಯಲ್ಲಿ ಸ್ಟೀಲಿನ ಎರಡು ಪುಟ್ಟ ಬಟ್ಟಲು, ಒಂದರಲ್ಲಿ ಕಲಸಿದ ಅರಿಶಿನ, ಇನ್ನೊಂದರಲ್ಲಿ ಕುಂಕುಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಮಧ್ಯದ ಬೆರಳಿನಿಂದ ಅರಿಶಿನದ ಬೊಟ್ಟು, ಉಂಗುರದ ಬೆರಳಿನಿಂದ ಕುಂಕುಮದ ಬೊಟ್ಟು ಇಟ್ಟು, ಎದ್ದು, ಒಂದು ಮೆಟ್ಟಿಲು. ಮತ್ತೆ ಬಗ್ಗಿ, ಬೊಟ್ಟಿಟ್ಟು, ಎದ್ದು, ಇನ್ನೊಂದು. ಹೀಗೆ ಸಾವಿರ ಮೆಟ್ಟಿಲು. ಏದುಸಿರಿನ ನಡುವೆಯೇ ಪಕ್ಕದ ಹೆಂಗಸಿನ ಹತ್ತಿರ ಸೊಸೆಯ ಸುದ್ದಿ, ಸೊಪ್ಪಿನ ಬೆಲೆ. ಪಕ್ಕದಲ್ಲೇ ಕೈಗೆ ಗಡಿಯಾರ ಕಟ್ಟಿದ ಹುಡುಗರು ಎದೆಬಡಿತ ನೋಡಿಕೊಳ್ಳುತ್ತ ಓಡುತ್ತಾರೆ. ಇದೇ ಬಗ್ಗಿ ಏಳುವುದನ್ನು ಜಿಮ್ಮಿನಲ್ಲಿ ಮಾಡಿಸಲು ತಿಂಗಳಿಗೆ ಸಾವಿರಗಟ್ಟಲೆ ಶುಲ್ಕವಿದೆ, ಅಲ್ಲಿ ಐವತ್ತಕ್ಕೇ ಜನ ಗೋಡೆ ಹಿಡಿಯುತ್ತಾರೆ. ಅಕ್ಕನಿಗೆ ತಾನು ವ್ಯಾಯಾಮ ಮಾಡುತ್ತಿದ್ದೇನೆಂಬ ಕಲ್ಪನೆಯೇ ಇಲ್ಲ. ಹೇಳಿದರೆ, "ದೇವರ ಕೆಲಸಕ್ಕೆ ಹಾಗೆಲ್ಲ ಅನ್ನಬಾರದು" ಎನ್ನುತ್ತಾಳೆ.

ಆದರೆ ಹೇಳಿದರೂ ಲಾಭವಿದೆಯೇನೋ. ಅಮೆರಿಕದಲ್ಲಿ ಅಲಿಯಾ ಕ್ರಮ್ ಮತ್ತು ಎಲೆನ್ ಲ್ಯಾಂಗರ್ ಹೋಟೆಲುಗಳಲ್ಲಿ ಕೋಣೆ ಶುಚಿಮಾಡುವ 84 ಹೆಂಗಸರನ್ನು ಅಧ್ಯಯನ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನವಿಡೀ ಹಾಸಿಗೆ ಕೊಡವಿ, ಬಚ್ಚಲು ಉಜ್ಜುವ ಅವರಲ್ಲಿ ಅನೇಕರು ತಮಗೆ ವ್ಯಾಯಾಮವೇ ಇಲ್ಲವೆಂದು ನಂಬಿದ್ದರು. ಒಂದು ಗುಂಪಿಗೆ ಮಾತ್ರ, 'ನಿಮ್ಮ ಕೆಲಸವೇ ಒಳ್ಳೆಯ ವ್ಯಾಯಾಮ' ಎಂದು ವಿವರಿಸಲಾಯಿತು. ನಾಲ್ಕು ವಾರ ಕಳೆದಾಗ ಆ ಗುಂಪಿನವರ ತೂಕ, ರಕ್ತದೊತ್ತಡ ತುಸು ಇಳಿದಿತ್ತು. ತಾವು ಬೇರೇನೂ ಮಾಡಲಿಲ್ಲವೆಂದು ಅವರೇ ಹೇಳಿದರಂತೆ. ನನಗೆ ಪೂರ್ತಿ ನಂಬಿಕೆಯಿಲ್ಲ. ಸಂತೋಷದಲ್ಲಿ ಹಾಸಿಗೆಯನ್ನು ನಾಲ್ಕು ಪಟ್ಟು ಹೆಚ್ಚಿಗೆ ಕೊಡವಿರಬೇಕು. ಹಾಗಿದ್ದರೂ ಕೊಡವಿಸಿದ್ದು ಆ ಒಂದು ಮಾತೇ ತಾನೆ?

ಇಷ್ಟಕ್ಕೇ ಮನಸ್ಸೇ ಎಲ್ಲ ಎಂದು ಡಂಗುರ ಸಾರುವವರ ಜೊತೆ ನಾನಿಲ್ಲ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಕಳೆಯಬೇಕು, ನಗುಮುಖದವರಿಗೆ ಅದರಲ್ಲಿ ರಿಯಾಯಿತಿಯಿಲ್ಲ. ಬೆಟ್ಟ ಹತ್ತಿ ಕಳೆದದ್ದನ್ನು ಇಳಿದ ಮೇಲೆ ಬೆಣ್ಣೆ ಹಾಕಿದ ಒಂದು ಮಸಾಲೆದೋಸೆ ಬಡ್ಡಿ ಸಮೇತ ವಾಪಸು ಕೊಡುತ್ತದೆ. ಥೈರಾಯ್ಡ್ ಕೈಕೊಟ್ಟವರಿಗೆ, ಸ್ಟೀರಾಯ್ಡ್ ಔಷಧಿ ತೆಗೆದುಕೊಳ್ಳುವವರಿಗೆ 'ಮನಸ್ಸು ಮಾಡಿದರೆ ಇಳಿಯುತ್ತೆ' ಎಂದು ಮದುವೆಮನೆಯಲ್ಲಿ ಉಪದೇಶಿಸುವವರಿಗೆ ಎರಡನೇ ಸಲ ಪಾಯಸ ಬಡಿಸಬಾರದು.

ಮನಸ್ಸಿನ ನಿಜವಾದ ಕೆಲಸ ಇರುವುದು ದೋಸೆ ತಿಂದ ಮೇಲೆ. ಯುಗಾದಿಯ ದಿನ ಒಂದು ಒಬ್ಬಟ್ಟು ತಿಂದ ಭಾವ, "ಇವತ್ತಿನ ಪಥ್ಯ ಹೇಗೂ ಕೆಟ್ಟಿತು" ಎಂದು ಇನ್ನೂ ಮೂರು ಹಾಕಿಸಿಕೊಂಡರು. ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು! ಹರ್ಮನ್ ಮತ್ತು ಮ್ಯಾಕ್ ಎಂಬ ಸಂಶೋಧಕರು 1975ರಲ್ಲೇ ಇದನ್ನು ಕಂಡಿದ್ದರು. ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಮುಂದಿಟ್ಟರೆ, ಪಥ್ಯದ ಚಿಂತೆಯಿಲ್ಲದವರು ಕಡಿಮೆ ತಿಂದರು. ಪಥ್ಯದವರು ಮಿಲ್ಕ್‌ಶೇಕ್ ಕುಡಿದ ಮೇಲೆಯೇ ಹೆಚ್ಚು ತಿಂದರು. ಅಂದು ಭಾವ ರಾತ್ರಿ ತಮ್ಮನ್ನು ತಾವೇ ಬೈದುಕೊಂಡು, ಮರುದಿನ ಉಪವಾಸವಿದ್ದು, ಅದರ ಮರುದಿನ ಉಪವಾಸದ ಸೇಡನ್ನೂ ತೀರಿಸಿಕೊಂಡರು. ಅಕ್ಕನೂ ಅಂದು ಎರಡು ಒಬ್ಬಟ್ಟು ತಿಂದಿದ್ದಳು, ತುಪ್ಪದ ಜೊತೆ. ಮರುದಿನ ಎಂದಿನಂತೆ ಎದ್ದು, ಎಂದಿನಂತೆ ಎರಡು ಚಪಾತಿ ತಿಂದಳು. ಹಬ್ಬದ ವಿಚಾರ ಅವಳ ಲೆಕ್ಕದಲ್ಲಿ ಹಬ್ಬದ ದಿನಕ್ಕೇ ಮುಗಿದಿತ್ತು. ಇದಕ್ಕೆ ಮನೋವಿಜ್ಞಾನದವರು ದೊಡ್ಡ ಹೆಸರೇನಾದರೂ ಇಟ್ಟಿರಬಹುದು. ಅಕ್ಕ ಅನ್ನುವುದು "ಆಯ್ತು ಬಿಡಿ" ಎಂದಷ್ಟೇ.

ಕಡೆಗೊಂದು ದಿನ ಭಾವ ಅಕ್ಕನ ಜೊತೆ ಮೆಟ್ಟಿಲು ಹತ್ತಲು ಹೊರಟರು. ನಾನೂ ಹೋಗಿದ್ದೆ. ಮೊದಲ ನೂರು ಮೆಟ್ಟಿಲು ಅವರೇ ಮುಂದೆ. ಆಮೇಲೆ ಕಲ್ಲುಕಲ್ಲಿಗೂ ಕೂತು ಮೈಸೂರಿನ ಸೌಂದರ್ಯ ವರ್ಣಿಸತೊಡಗಿದರು. ಬಗ್ಗಿ ಏಳುತ್ತಿದ್ದ ಅಕ್ಕ ನಿಧಾನವಾಗಿ ಅವರನ್ನು ದಾಟಿ ಹೋದಳು. ಏಳುನೂರರ ಸುಮಾರಿಗೆ, ದೊಡ್ಡದೇವರಾಜ ಒಡೆಯರ ಕಾಲದ ದೊಡ್ಡ ನಂದಿಯ ಹತ್ತಿರ ಬಂದಾಗ ಭಾವನವರ ಷರಟು ಬೆನ್ನಿಗೆ ಅಂಟಿತ್ತು. ನಂದಿಯ ವಿಶಾಲವಾದ ಮೈಯನ್ನು ಬಹಳ ಆತ್ಮೀಯತೆಯಿಂದ ನೋಡಿ, ಕೈಮುಗಿದು, "ನನಗೆ ಇವತ್ತಿಗೆ ಇಷ್ಟೇ ಕಣೇ. ಮುಂದಿನ ವಾರ ಮೇಲಕ್ಕೆ" ಎಂದರು. ಅಕ್ಕ ಏನೂ ಅನ್ನದೆ ಬಟ್ಟಲು ಹಿಡಿದು ಮುಂದಿನ ಮೆಟ್ಟಿಲಿಗೆ ಬಗ್ಗಿದಳು. ಅವಳು ಮೇಲೆ ಹೋಗಿ ದರ್ಶನ ಮಾಡಿ ಬರುವಷ್ಟರಲ್ಲಿ ನಾವಿಬ್ಬರೂ ಮಜ್ಜಿಗೆ ಕುಡಿದು ಮುಗಿಸಿದ್ದೆವು.

ಇಳಿಯುವಾಗ, ಅರ್ಧ ದಾರಿಗೂ ಮೊದಲೇ ಬಸವಳಿದು ಕೂತಿದ್ದ ಹುಡುಗನೊಬ್ಬ ಭಾವನನ್ನು ಕೇಳಿದ, "ಅಂಕಲ್, ಇನ್ನೂ ಎಷ್ಟಿದೆ?"

"ಏಳಪ್ಪ, ಇನ್ನೇನು ಬಂದೇಬಿಡ್ತು! ಮೇಲೆ ಎಂಥಾ ಗಾಳಿ ಅಂತೀಯ!" ಎಂದರು ಭಾವ.

ಹುಡುಗ ಎದ್ದು ಹೊರಟ. ಅಕ್ಕ ದನಿ ತಗ್ಗಿಸಿ, "ರೀ, ಇನ್ನೂ ಆರುನೂರಿದೆ" ಎಂದಳು.

"ನನಗೆ ಹೇಗೆ ಗೊತ್ತಾಗ್ಬೇಕು? ನಾನೇನು ಮೇಲಕ್ಕೆ ಹೋಗಿದ್ನಾ?"