ನ್ಯಾಯ ಹೊರಗ, ಸಾಲಿ ಒಳಗ

ಧಾರವಾಡ, 1856. ಸರ್ಕಾರಿ ಶಾಲೆಯ ಪಡಸಾಲೆ. ಅಸ್ಪೃಶ್ಯನೆಂದು ಪ್ರವೇಶ ಸಿಗದ ಮಹಾರ ಹುಡುಗನೊಬ್ಬ ಮುಂಬಯಿ ಸರ್ಕಾರಕ್ಕೆ ಹಾಕಿದ್ದ ಅರ್ಜಿಗೆ ಜವಾಬು ಬಂದಿದೆ.

ಗುಮಾಸ್ತ: ಏನ್ ಬರದಾರ್ರೀ ಮಾಸ್ತರ?

ಮಾಸ್ತರ: ನ್ಯಾಯ ಹುಡುಗನ ಕಡೀನ ಐತಂತ.

ಗುಮಾಸ್ತ: ಹಂಗಾದ್ರ ಒಳಗ ಕರೀರಲ್ಲ!

ಮಾಸ್ತರ: ತಡೀಪಾ. ಒಬ್ಬನ ಸಲುವಾಗಿ ಜಾತಿ ಕಟ್ಟಳಿಗೆ ಕೈ ಹಾಕಿದ್ರ ಉಳಿದ ಮಂದಿಗೆ ಸಾಲಿ ಉಪಯೋಗಿಲ್ಲದಂಗ ಆದೀತಂತ.

ಗುಮಾಸ್ತ: 1854ರ ವುಡ್ ಸಾಹೇಬರ ಕಾಗದದಾಗ ಜನಸಾಮಾನ್ಯರಿಗೂ ವಿದ್ಯಾ ಅಂತ ಇತ್ತಲ್ರಿ?

ಮಾಸ್ತರ: ಈಗೂ ಐತಿ. ಕಪಾಟಿನಾಗ ಭದ್ರ ಐತಿ. (ಹುಡುಗ ನಿಂತ ಕಿಟಕಿಯಿಂದ ಶಾಯಿ ದೌತಿಯನ್ನು ಗೇಣು ದೂರ ಸರಿಸುತ್ತಾನೆ.)

(ಸರ್ಕಾರಿ ಶಾಲೆ ಎಲ್ಲ ವರ್ಗಕ್ಕೂ ತೆರೆದಿರಬೇಕೆಂದು ಎರಡು ವರ್ಷದ ಮೇಲೆ, 1858ರಲ್ಲಿ, ಮೇಲಧಿಕಾರಿಗಳು ಲಂಡನ್ನಿನಿಂದ ಬರೆದರು. ಲಂಡನ್ನಿನಲ್ಲಿ ಕೂತು ಬರೆಯಲು ಏನು ಕಷ್ಟ!)

ಗುಮಾಸ್ತ: ಸಾಲಿ ಖರ್ಚಿಗೆ ಯಾರ ರೊಕ್ಕರೀ?

ಮಾಸ್ತರ: ಸರ್ಕಾರದ್ದು. ಅಂದ್ರ ಎಲ್ಲಾರದೂ. ರೊಕ್ಕಕ್ಕ ಎಲ್ಲಿ ಮೈಲಿಗಿನೋ ಮಾರಾಯಾ!