ದಂಡಪುಷ್ಪ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಮಂಗಳಶ್ಲೋಕದಿಂದ ಆರಂಭಿಸುವುದು ನಮ್ಮ ಪೂರ್ವಾಚಾರ್ಯರ ಪದ್ಧತಿ. ಆದರೆ ಪ್ರಸ್ತುತ ಪ್ರಬಂಧದ ವಿಷಯವು ಫುಟ್‌ಬಾಲ್ ಆಟದ ನಾಲ್ಕನೆಯ ನಿಯಮಕ್ಕೆ ಸಂಬಂಧಿಸಿದುದು. ಆಟಗಾರನ ಉಡುಪಿನ ಮೇಲೆ ರಾಜಕೀಯವಾದ, ಧಾರ್ಮಿಕವಾದ, ವೈಯಕ್ತಿಕವಾದ ಯಾವ ಘೋಷಣೆಯೂ ಯಾವ ಚಿತ್ರವೂ ಇರಕೂಡದೆಂದು ಆ ನಿಯಮವು ವಿಧಿಸಿರುವುದರಿಂದ, ಗಣಪತಿಯನ್ನು ನೆನೆದರೆ ಧಾರ್ಮಿಕವೆಂದೂ, ಕುಲಗುರುವನ್ನು ನೆನೆದರೆ ವೈಯಕ್ತಿಕವೆಂದೂ, ದೇಶಮಾತೆಯನ್ನು ನೆನೆದರೆ ರಾಜಕೀಯವೆಂದೂ ಜ್ಯೂರಿಚ್ ನಗರದಲ್ಲಿರುವ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದಿಂದ ದಂಡದ ಓಲೆ ಬಂದೀತೆಂಬ ಭಯದಿಂದ, ಈ ಲೇಖಕನು ಮಂಗಳವನ್ನು ಕೈಬಿಟ್ಟು ನೇರವಾಗಿ ವಿಷಯಕ್ಕೆ ಇಳಿದಿರುವನು.

ವಿಷಯವಾದರೋ ಒಂದು ಹೂವು. 2016ನೆಯ ಇಸವಿ ನವೆಂಬರ್ 11ರ ರಾತ್ರಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ವಿಶ್ವಕಪ್ಪಿನ ಅರ್ಹತಾ ಪಂದ್ಯ ನಡೆಯಿತು. 1918ರಲ್ಲಿ ಮಹಾಯುದ್ಧದ ಫಿರಂಗಿಗಳು ಮೌನ ತಾಳಿದ ದಿನವೂ ಅದೇ ನವೆಂಬರ್ 11 ಆದುದರಿಂದ, ಉಭಯ ತಂಡಗಳ ಆಟಗಾರರೂ ತೋಳಿಗೆ ಕಪ್ಪು ಪಟ್ಟಿಯನ್ನು ಕಟ್ಟಿ, ಅದರ ಮೇಲೆ ಕೆಂಪು ಗಸಗಸೆ ಹೂವಿನ ಚಿತ್ರವನ್ನು ಧರಿಸಿ ಕಣಕ್ಕಿಳಿದರು. ಇದು ಕೂಡದೆಂದು ಫಿಫಾ ಮೊದಲೇ ಹೇಳಿತ್ತು. ಪ್ರಧಾನಿ ತೆರೇಸಾ ಮೇ ಅವರು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಫಿಫಾದ ಮೇಲೆ ಕೆಂಡ ಕಾರಿದ್ದೂ ಆಗಿತ್ತು. ಇಂಗ್ಲೆಂಡ್ ಮೂರು ಗೋಲುಗಳಿಂದ ಗೆದ್ದ ಸಂಗತಿಯನ್ನು ಯಾರೂ ನೆನಪಿನಲ್ಲಿಡಲಿಲ್ಲ. ಡಿಸೆಂಬರಿನಲ್ಲಿ ತೀರ್ಪು ಬಂದಿತು: ಇಂಗ್ಲೆಂಡಿಗೆ 45,000 ಸ್ವಿಸ್ ಫ್ರಾಂಕ್, ಸ್ಕಾಟ್ಲೆಂಡಿಗೆ 20,000, ಅದೇ ವಾರ ತಮ್ಮ ತಮ್ಮ ಊರುಗಳಲ್ಲಿ ಬೇರೆಯವರೊಡನೆ ಆಡಿದ ವೇಲ್ಸಿಗೆ 20,000, ಉತ್ತರ ಐರ್ಲೆಂಡಿಗೆ 15,000. ರಾಜ್ಯಭಾರದಲ್ಲಿ ಒಂದೇ ಆದ ಬ್ರಿಟನ್ ಫುಟ್‌ಬಾಲಿನಲ್ಲಿ ಮಾತ್ರ ನಾಲ್ಕಾಗಿ ಒಡೆದಿರುವುದರಿಂದ, ಒಂದು ಹೂವಿಗೆ ನಾಲ್ಕು ದಂಡ ತೆರುವ ಭಾಗ್ಯ ಆ ದೇಶಕ್ಕೆ ಲಭಿಸಿತು.

ಮೊದಲು ನಿರುಕ್ತವನ್ನು ನೋಡುವ. ಈ ವಿಷಯದಲ್ಲಿ ಕನ್ನಡ ಭಾಷೆಗಿರುವ ಯೋಗ್ಯತೆ ಇಂಗ್ಲಿಷಿಗಾಗಲಿ ಸ್ವಿಟ್ಜರ್ಲೆಂಡಿನ ಭಾಷೆಗಳಿಗಾಗಲಿ ಇಲ್ಲವೆಂಬುದನ್ನು ಸಪ್ರಮಾಣವಾಗಿ ತೋರಿಸಬಹುದು. ನಮ್ಮಲ್ಲಿ ದಂಡು ಎಂದರೆ ಸೈನ್ಯ. ಬೆಂಗಳೂರಿನ ಹಳಬರು ಇಂದಿಗೂ ಕಂಟೋನ್ಮೆಂಟನ್ನು ದಂಡು ಎಂದೇ ಕರೆಯುವರು. ದಂಡ ಎಂದರೆ ತಪ್ಪಿಗೆ ತೆರುವ ಹಣ. ಅದೇ ದಂಡ ಎಂದರೆ ವ್ಯರ್ಥ, ನಿಷ್ಪ್ರಯೋಜಕ ಎಂಬ ಅರ್ಥವೂ ಉಂಟು. ದಂಡಿನಲ್ಲಿ ಮಡಿದವರ ಹೂವಿಗೆ ದಂಡ ಬಿದ್ದು, ಅದರ ಪರವಾಗಿ ಪ್ರಧಾನಿಯೇ ಮಾಡಿದ ವಾದವೆಲ್ಲ ದಂಡವಾಯಿತು ಎಂದು ನಾವು ಒಂದೇ ಧಾತುವಿನಲ್ಲಿ ಮುಗಿಸಬಲ್ಲ ಇತಿಹಾಸವನ್ನು ಬರೆಯಲು ಪರಭಾಷೆಯವರಿಗೆ ಪುಟಗಟ್ಟಲೆ ಕಾಗದ ಹಿಡಿಯುವುದು.

ಗಸಗಸೆ ಎಂಬ ಪದದಲ್ಲಿ ಮಾತ್ರ ಸ್ವಲ್ಪ ತೊಡಕು. ನಮಗೆ ಗಸಗಸೆಯೆಂದರೆ ಹಬ್ಬದ ದಿನ ಹುರಿದು, ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿ, ಬೆಲ್ಲ ಏಲಕ್ಕಿ ಬೆರೆಸಿ ಕಾಯಿಸಿದ ಪಾಯಸ. ಅದನ್ನು ಎರಡು ಲೋಟ ಕುಡಿದವನು ಸಂಜೆ ದೀಪ ಹಚ್ಚುವವರೆಗೆ ಏಳುವುದಿಲ್ಲ. ಫ್ಲಾಂಡರ್ಸ್ ಪ್ರಾಂತದ ಯುದ್ಧಭೂಮಿಯಲ್ಲಿ ಬೆಳೆದ ಹೂವು ಈ ಗಸಗಸೆಯ ದಾಯಾದಿಯೇ ಹೊರತು ಅದೇ ಅಲ್ಲ. ಇದು ಗೋಧಿಯ ಹೊಲಗಳಲ್ಲಿ ತಾನೇ ಹುಟ್ಟುವ ಕಳೆ. ಗುಂಡುಗಳು ನೆಲವನ್ನು ಅಗೆದಗೆದು ಹಾಕಿದ ಕಡೆಗಳಲ್ಲೆಲ್ಲ ಹುದುಗಿದ್ದ ಬೀಜ ಬೆಳಕು ಕಂಡು ಮೊಳೆತು ಅರಳಿತಂತೆ. ಕೆನಡದ ಸೈನ್ಯವೈದ್ಯ ಜಾನ್ ಮೆಕ್ರೇ 1915ರಲ್ಲಿ ಅದರ ಮೇಲೆ ಒಂದು ಕವನ ಬರೆದ. 1921ರಿಂದ ಬ್ರಿಟನ್ನಿನ ಮಾಜಿ ಸೈನಿಕರ ಸಂಘವು ಅದರ ಕೃತಕ ರೂಪವನ್ನು ನವೆಂಬರಿನಲ್ಲಿ ಮಾರಿ ಗಾಯಾಳುಗಳಿಗೂ ವಿಧವೆಯರಿಗೂ ಹಣ ಕೂಡಿಸುತ್ತ ಬಂದಿದೆ.

ಅಂಥದೊಂದು ಹೂವನ್ನು ಲಂಡನ್ನಿನಲ್ಲಿರುವ ನನ್ನ ಸೋದರಳಿಯನು ಕೋಟಿನ ಜೇಬಿನಲ್ಲಿ ಮರೆತು ತಂದಿದ್ದನು. ಕೆಂಪು ಕಾಗದದ ಎರಡು ದಳ, ನಡುವೆ ಅಂಗಿಯ ಗುಂಡಿಯಂಥ ಕಪ್ಪು ಪ್ಲಾಸ್ಟಿಕ್ಕು, ಹಸಿರು ಪ್ಲಾಸ್ಟಿಕ್ಕಿನದೇ ಒಂದು ಕಡ್ಡಿ, ಪಕ್ಕದಲ್ಲಿ ಒಂದು ಕಾಗದದ ಎಲೆ. ನಾನು ಭೂತಗನ್ನಡಿ ಹಿಡಿದು ಅದರಲ್ಲಿ ರಾಜಕೀಯವು ದಳದಲ್ಲಿದೆಯೋ ಗುಂಡಿಯಲ್ಲಿದೆಯೋ ಎಂದು ಶೋಧಿಸುತ್ತಿರಲು, ನನ್ನ ಹೆಂಡತಿ ಕಾಫಿ ತಂದವಳು ನೋಡಿ, "ಇದಕ್ಕೇನ್ರೀ ಅಷ್ಟು ಲಕ್ಷ ದಂಡ ಹಾಕಿದ್ದು? ಗಿಡದಲ್ಲಿ ಬಿಟ್ಟಿದ್ದಲ್ಲ, ದೇವರಿಗೂ ಆಗಲ್ಲ, ಮುಡಿಯೋಕೂ ಬರಲ್ಲ" ಎಂದಳು. ವಿದ್ವತ್ಪ್ರಪಂಚವು ಗಮನಿಸದೆ ಬಿಟ್ಟ ಅಂಶಗಳಲ್ಲಿ ಇದೂ ಒಂದು.

ಇನ್ನು ರಾಜಕೀಯದ ಲಕ್ಷಣ. ಪಂದ್ಯಕ್ಕೆ ಮುನ್ನ ಎರಡು ದೇಶಗಳ ಧ್ವಜಗಳನ್ನು ಹಿಡಿದು ತರುವರು. ರಾಷ್ಟ್ರಗೀತೆಗಳನ್ನು ನುಡಿಸುವರು, ಅವುಗಳಲ್ಲಿ ಒಂದು ತಮ್ಮ ದೊರೆಗೆ ಜಯವಾಗಲೆಂದು ದೇವರನ್ನು ಬೇಡುವುದು. ಮಂತ್ರಿಗಳೂ ರಾಜಪುತ್ರರೂ ಮೇಲಿನ ಸಾಲಿನಲ್ಲಿ ಆಸೀನರಾಗಿ ಕೈ ಬೀಸುವರು. ಇವು ಯಾವುವೂ ರಾಜಕೀಯವಲ್ಲ. ಕಾಗದದ ಹೂವಿನ ಚಿತ್ರವು ರಾಜಕೀಯ. ಇದರಿಂದ ಸಿದ್ಧವಾಗುವುದೇನೆಂದರೆ, ಗಾತ್ರದಲ್ಲಿ ಬಹಳ ದೊಡ್ಡದಾದ ರಾಜಕೀಯವು ಆಕಾಶದಂತೆ ಸರ್ವವ್ಯಾಪಿಯಾಗಿ ಕಣ್ಣಿಗೆ ಬೀಳುವುದಿಲ್ಲ, ಅಂಗುಲ ಪ್ರಮಾಣದ್ದು ಮಾತ್ರ ದಂಡಾರ್ಹವಾಗಿ ಗೋಚರಿಸುವುದು.

ಅಂಗನಿರ್ಣಯವು ಇನ್ನೂ ಸೂಕ್ಷ್ಮ. 2011ರ ನವೆಂಬರಿನಲ್ಲಿ ಇಂಗ್ಲೆಂಡ್ ಸ್ಪೇನಿನೊಡನೆ ಆಡುವಾಗ ಇದೇ ಹೂವನ್ನು ಎದೆಯ ಮೇಲೆ ಹೊಲಿಸಿಕೊಳ್ಳಬೇಕೆಂದು ಹೊರಟಿತು. ಫಿಫಾ ಒಪ್ಪಲಿಲ್ಲ. ರಾಜಕುಮಾರ ವಿಲಿಯಂ ಪತ್ರ ಬರೆದರು, ಪ್ರಧಾನಿ ಕ್ಯಾಮರೂನ್ ಪತ್ರ ಬರೆದರು; ಕಡೆಗೆ ಎದೆಯ ಮೇಲೆ ಬೇಡ, ತೋಳಿನ ಕಪ್ಪು ಪಟ್ಟಿಯ ಮೇಲಾದರೆ ಆಗಬಹುದೆಂದು ರಾಜಿಯಾಯಿತು. ಅಂದರೆ ಅಂದು ಎದೆಯಲ್ಲಿದ್ದರೆ ರಾಜಕೀಯ, ತೋಳಿನಲ್ಲಿದ್ದರೆ ಶೋಕ. 2016ರ ವೇಳೆಗೆ ತೋಳೂ ದಂಡನೀಯವಾಯಿತಷ್ಟೆ. ಎದೆಯಿಂದ ತೋಳಿಗೆ ಒಂದು ಗೇಣು ದೂರವೆಂದು ಇಟ್ಟುಕೊಂಡರೆ, ರಾಜಕೀಯವು ಮಾನವದೇಹದಲ್ಲಿ ಐದು ವರ್ಷಕ್ಕೆ ಒಂದು ಗೇಣಿನಂತೆ ಚಲಿಸುವುದೆಂಬ ಸೂತ್ರವು ಲಭಿಸುವುದು. 1938ರ ಮೇ 14ರಂದು ಬರ್ಲಿನ್ನಿನಲ್ಲಿ ಇಂಗ್ಲೆಂಡಿನ ಆಟಗಾರರು ತಮ್ಮ ಹಿರಿಯರ ಅಪ್ಪಣೆಯಂತೆ ಬಲದೋಳನ್ನು ನೀಡಿ ನಾಟ್ಸಿ ವಂದನೆ ಸಲ್ಲಿಸಿ, ಅನಂತರ ಜರ್ಮನರನ್ನು 6-3ರಿಂದ ಸೋಲಿಸಿದ್ದುಂಟು. ಆಗ ಇಂಗ್ಲೆಂಡ್ ಫಿಫಾದ ಸದಸ್ಯತ್ವವನ್ನೇ ಬಿಟ್ಟಿತ್ತಾದುದರಿಂದ ಆ ತೋಳುಗಳ ರಾಜಕೀಯವನ್ನು ಅಳೆಯತಕ್ಕವರು ಯಾರೂ ಇರಲಿಲ್ಲ. ಕ್ರಿಕೆಟ್ಟಿನದು ಬೇರೆಯೇ ಪ್ರಬಂಧವಾದೀತು: 2019ರ ಮಾರ್ಚಿನಲ್ಲಿ ರಾಂಚಿಯಲ್ಲಿ ನಮ್ಮವರು ಸೈನ್ಯದ ಟೋಪಿ ಹಾಕಿ ಆಡಿದ್ದು ಸರಿಯಾಯಿತು, ಜೂನಿನಲ್ಲಿ ಸೌತಾಂಪ್ಟನ್ನಿನಲ್ಲಿ ಧೋನಿಯ ಕೈಗವಸಿನ ಮೇಲಿದ್ದ ಸೈನ್ಯದ ಲಾಂಛನ ತಪ್ಪಾಯಿತು. ತಲೆಗೆ ಸಂದದ್ದು ಕೈಗೆ ಸಲ್ಲಲಿಲ್ಲ.

ಈಗ ಗಣಿತ. ಇಂಗ್ಲೆಂಡಿನಲ್ಲಿ ಆ ಕಾಲಕ್ಕೆ ಮಾರುತ್ತಿದ್ದ ಹೂವಿಗೆ ಎರಡು ದಳ, ಒಂದು ಎಲೆ. ಸ್ಕಾಟ್ಲೆಂಡಿನದಕ್ಕೆ ನಾಲ್ಕು ದಳ, ಎಲೆಯಿಲ್ಲ. 45,000 ಫ್ರಾಂಕನ್ನು ಎರಡು ದಳಕ್ಕೆ ಹಂಚಿದರೆ ದಳವೊಂದಕ್ಕೆ 22,500. ಸ್ಕಾಟ್ಲೆಂಡಿನ 20,000ವನ್ನು ನಾಲ್ಕಕ್ಕೆ ಹಂಚಿದರೆ ದಳಕ್ಕೆ 5,000. ಒಂದು ಇಂಗ್ಲಿಷ್ ದಳವು ನಾಲ್ಕೂವರೆ ಸ್ಕಾಟಿಷ್ ದಳಕ್ಕೆ ಸಮವೆಂದಾಯಿತು. ಮುನ್ನೂರು ವರ್ಷಗಳಿಂದ ಸ್ಕಾಟರು ಹೇಳಿಕೊಂಡು ಬಂದ ದೂರೂ ಸುಮಾರಾಗಿ ಇದೇ. ಎಲೆಯನ್ನೂ ಎಣಿಸಬೇಕೆಂಬ ಪಂಗಡದವರ ಪ್ರಕಾರ ಇಂಗ್ಲೆಂಡಿನ ಪಾಲು ತಲಾ 15,000ಕ್ಕೆ ಇಳಿದು, ಉತ್ತರ ಐರ್ಲೆಂಡಿನ ಇಡೀ ದಂಡಕ್ಕೆ ಸರಿಸಮವಾಗುವುದು. ಇಂಗ್ಲೆಂಡಿನ ದಂಡದಲ್ಲಿ ಪ್ರೇಕ್ಷಕರ ದುರ್ವರ್ತನೆಯ ಬಾಬ್ತೂ ಸೇರಿತ್ತೆಂದು ಆಕ್ಷೇಪಿಸುವವರುಂಟು. ಲೆಕ್ಕದ ಸೊಗಸಿಗೆ ಅಡ್ಡ ಬರುವ ಸಂಗತಿಯನ್ನು ಕೈಬಿಡುವುದು ವಿದ್ವಾಂಸರಿಗೆ ಪರಂಪರೆಯಿಂದ ಬಂದ ಹಕ್ಕು.

ಕಷ್ಟ ಬರುವುದು ವೇಲ್ಸಿನಲ್ಲಿ. ಅಲ್ಲಿನ ಆಟಗಾರರು ಬುದ್ಧಿವಂತಿಕೆಯಿಂದ ಬರಿಯ ಕಪ್ಪು ಪಟ್ಟಿ ಕಟ್ಟಿದ್ದರು; ಹೂವು ಇದ್ದುದು ಆಟಗಾರರ ಮೈಮೇಲಲ್ಲ, ನೋಡಲು ಬಂದವರ ನಡುವೆ. 20,000ವನ್ನು ಸೊನ್ನೆ ದಳದಿಂದ ಭಾಗಿಸಬೇಕಾಗಿ ಬಂದಾಗ ಪಾಶ್ಚಾತ್ಯ ಗಣಿತವು ಕೈಚೆಲ್ಲಿ ಕೂರುವುದು. ನಮ್ಮ ಭಾಸ್ಕರಾಚಾರ್ಯರು ಮಾತ್ರ ಎಂಟುನೂರು ವರ್ಷಗಳ ಹಿಂದೆಯೇ ಅದಕ್ಕೆ ಖಹರವೆಂದು ಹೆಸರಿಟ್ಟು, ಎಷ್ಟು ಕೂಡಿದರೂ ಎಷ್ಟು ಕಳೆದರೂ ವಿಕಾರಹೊಂದದ ಅನಂತರಾಶಿ ಅದು ಎಂದು ಅಪ್ಪಣೆ ಕೊಡಿಸಿರುವರು. ಹೂವನ್ನು ಮುಡಿಯದಿರುವುದು ಅನಂತಗುಣವಾದ ಅಪರಾಧವೆಂದು ಇದರಿಂದ ತಿಳಿಯಬೇಕು. ಐರಿಷ್ ಗಣರಾಜ್ಯದ ತಂಡವು ಅದೇ ವರ್ಷದ ಮಾರ್ಚಿನಲ್ಲಿ, 1916ರಲ್ಲಿ ಬ್ರಿಟಿಷರ ವಿರುದ್ಧ ನಡೆದ ಈಸ್ಟರ್ ಬಂಡಾಯದ ಶತಮಾನೋತ್ಸವದ ಲಾಂಛನವನ್ನು ಅಂಗಿಯ ಮೇಲೆ ಹಾಕಿ ಸ್ವಿಟ್ಜರ್ಲೆಂಡಿನ ಮೇಲೆಯೇ ಆಡಿದ್ದಕ್ಕೆ ತೆತ್ತದ್ದು ಕೇವಲ 5,000. ಸಾಮ್ರಾಜ್ಯಕ್ಕಾಗಿ ಸತ್ತವರನ್ನು ನೆನೆಯುವುದಕ್ಕಿಂತ ಅದರ ವಿರುದ್ಧ ಸತ್ತವರನ್ನು ನೆನೆಯುವುದು ಅಗ್ಗ.

ಈ ನಿಯಮವನ್ನು ಮಾಡಿದವರು ಯಾರು? ಫುಟ್‌ಬಾಲಿನ ನಿಯಮಗಳನ್ನು ತಿದ್ದುವ ಅಧಿಕಾರ 1886ರಲ್ಲಿ ಹುಟ್ಟಿದ ಒಂದು ಅಂತರರಾಷ್ಟ್ರೀಯ ಮಂಡಲಿಯದು. ಅದರಲ್ಲಿ ಫಿಫಾಕ್ಕೆ ನಾಲ್ಕು ಮತ. ಉಳಿದ ನಾಲ್ಕು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳಿಗೆ ತಲಾ ಒಂದು. ಬೇರೆ ಯಾವ ದೇಶಕ್ಕೂ ಸ್ವಂತ ಮತವಿಲ್ಲ. ನಿಯಮ ಬದಲಾಗಬೇಕಾದರೆ ಎಂಟರಲ್ಲಿ ಆರು ಮತ ಬೀಳಬೇಕಾದುದರಿಂದ, ಬ್ರಿಟಿಷರಲ್ಲಿ ಇಬ್ಬರಾದರೂ ಕೈಯೆತ್ತದೆ ಅಲ್ಲಿ ಒಂದು ಅಲ್ಪವಿರಾಮವೂ ಕದಲದು. ಮಂಡಲಿಯಲ್ಲಿ ಪೀಠವುಳ್ಳ ಆ ನಾಲ್ವರೇ ಈಗ ದಂಡಕ್ಕೆ ಗುರಿಯಾದ ನಾಲ್ವರು. ಹೊಲದ ಯಜಮಾನನು ಮೊಳದುದ್ದದ ಮುಳ್ಳು ಆರಿಸಿ ತಂದು ಹಾಕಿದ ಬೇಲಿಯು ಅವನ ಪಂಚೆಯನ್ನೇ ಹಿಡಿದು ನಿಲ್ಲಿಸಿದಾಗ, ಬೇಲಿಗೆ ದೇಶಾಭಿಮಾನವಿಲ್ಲವೆಂದು ಬೈದಂತಾಯಿತು ಇದು.

ಹಾಗೆಂದು ಹೂವು ಪೂರ್ತಿ ನಿರ್ದೋಷಿಯೆಂದು ಹೇಳಲು ಈ ಲೇಖಕನ ಮನಸ್ಸು ಒಪ್ಪದು. ಯುದ್ಧದಲ್ಲಿ ನೊಂದವರು ಬ್ರಿಟಿಷರೊಬ್ಬರೇ ಅಲ್ಲವೆಂದು, ಆಗ ಫಿಫಾದ ಪ್ರಧಾನ ಕಾರ್ಯದರ್ಶಿಯಾಗಿದ್ದ ಸೆನೆಗಲ್ ದೇಶದ ಫಾತ್ಮಾ ಸಮುರಾ ಅವರು ತಮ್ಮ ಖಂಡವನ್ನೂ ಸಿರಿಯವನ್ನೂ ಮುಂದಿಟ್ಟು ಕೇಳಿದ ಮಾತಿಗೆ ವೆಂಬ್ಲಿಯಿಂದ ಉತ್ತರ ಬಂದಂತೆ ಕಾಣೆ. ಉತ್ತರ ಐರ್ಲೆಂಡಿನ ಡೆರಿ ಪಟ್ಟಣದಲ್ಲಿ ಹುಟ್ಟಿ ಇಂಗ್ಲಿಷ್ ಕ್ಲಬ್ಬುಗಳಿಗೆ ಆಡಿದ ಜೇಮ್ಸ್ ಮೆಕ್ಲೀನ್ ಈ ಹೂವನ್ನು ಧರಿಸಲೊಲ್ಲದೆ, 2014ರಲ್ಲಿ ತನ್ನ ಕ್ಲಬ್ಬಿನ ಯಜಮಾನರಿಗೆ ಬರೆದ ಬಹಿರಂಗ ಪತ್ರದಲ್ಲಿ, ಎರಡು ಮಹಾಯುದ್ಧಗಳಲ್ಲಿ ಮಡಿದವರಿಗೆ ಮಾತ್ರ ಇದು ಮೀಸಲಾಗಿದ್ದರೆ ಸಂತೋಷದಿಂದ ಧರಿಸುತ್ತಿದ್ದೆನೆಂದೂ, 1972ರಲ್ಲಿ ತನ್ನ ಊರಿನ ಬೀದಿಯಲ್ಲಿ ಗುಂಡು ಹಾರಿಸಿದ ಬ್ರಿಟಿಷ್ ಸೈನ್ಯಕ್ಕೂ ಅದೇ ಹೂವು ಸಲ್ಲುವುದಾದುದರಿಂದ ಆಗದೆಂದೂ ತಿಳಿಸಿದನು. ಇವನಿಗೆ ಫಿಫಾ ದಂಡ ಹಾಕಲಿಲ್ಲ. ಆ ಕೆಲಸವನ್ನು ವರ್ಷವರ್ಷವೂ ನವೆಂಬರಿನಲ್ಲಿ ಪ್ರೇಕ್ಷಕರೇ ಕೂಗಾಡಿ ನೆರವೇರಿಸಿದರು. ಧರಿಸಿದರೆ ಜ್ಯೂರಿಚ್ಚಿನ ಭಯ, ಧರಿಸದಿದ್ದರೆ ಗ್ಯಾಲರಿಯ ಭಯ.

ಇಲ್ಲಿ ನಮ್ಮವರನ್ನೂ ನೆನೆಯದಿದ್ದರೆ ಲೋಪವಾದೀತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಕುದುರೆಯ ಮೇಲೆ ನುಗ್ಗಿ ಹಿಡಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಅವರ ಸ್ಮಾರಕಸ್ತಂಭ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ವಾಹನಗಳು ಒತ್ತೊತ್ತಾಗಿ ನಿಂತು ಬಸ್ಸು ಕದಲದೆ ಹೋದಾಗಲಷ್ಟೇ ನಾನು ಅದನ್ನು ನೋಡಿದ್ದು. ಆ ಮರೆವಿಗೆ ನನಗೆ ಯಾರೂ ದಂಡ ಹಾಕಿಲ್ಲ.

ಮತ್ತೆ ಪ್ರಕೃತಕ್ಕೆ. 2017ರಲ್ಲಿ ನಿಯಮದ ವ್ಯಾಖ್ಯಾನವನ್ನು ಸಡಿಲಿಸಿ, ಎದುರಾಳಿಯೂ ಪಂದ್ಯದ ವ್ಯವಸ್ಥಾಪಕರೂ ಒಪ್ಪಿದರೆ ಇಂಥ ಸ್ಮರಣೆಗೆ ಅಡ್ಡಿಯಿಲ್ಲವೆಂದರು. ಆ ವರ್ಷದ ನವೆಂಬರ್ 10ರಂದು ಅದೇ ವೆಂಬ್ಲಿಯಲ್ಲಿ, ಅದೇ ತೋಳಿನ ಮೇಲೆ, ಅದೇ ಹೂವನ್ನು ಧರಿಸಿ ಇಂಗ್ಲೆಂಡ್ ಆಡಿತು. ಎದುರಾಳಿ ಜರ್ಮನಿ. ಜರ್ಮನರೂ ಅದೇ ಹೂವಿನ ಪಟ್ಟಿ ಕಟ್ಟಿಕೊಂಡು ಬಂದರು. ಪಂದ್ಯ ಸೊನ್ನೆ ಸೊನ್ನೆ, ದಂಡವೂ ಸೊನ್ನೆ. ಒಂದೇ ಕಂದಕದಲ್ಲಿ ಒಂದೇ ಪಕ್ಷದಲ್ಲಿ ಕಾದಿ ಮಡಿದವರ ಮೊಮ್ಮಕ್ಕಳು ಎದುರುಬದುರು ನಿಂತು ಧರಿಸಿದರೆ ಅದು ರಾಜಕೀಯ, ಪರಸ್ಪರ ಕೊಂದವರ ಮೊಮ್ಮಕ್ಕಳು ಧರಿಸಿದರೆ ಅದು ಸ್ಮರಣೆ ಎಂಬ ವ್ಯಾಪ್ತಿಯು ಹೀಗೆ ಸಿದ್ಧವಾಯಿತು. ಇದನ್ನು ಖಂಡಿಸಬಲ್ಲ ಹೇತ್ವಾಭಾಸ ಯಾರಿಗಾದರೂ ಹೊಳೆದರೆ ಕಾರ್ಡು ಬರೆದು ತಿಳಿಸಬೇಕೆಂದು ಪ್ರಾರ್ಥನೆ.

ಕಡೆಯದಾಗಿ ಒಂದು ದೃಷ್ಟಾಂತ. 1916ರ ಜುಲೈ 1ರ ಬೆಳಿಗ್ಗೆ ಸೋಮ್ ನದಿಯ ರಣರಂಗದಲ್ಲಿ ಈಸ್ಟ್ ಸರ್ರಿ ದಳದ ಕ್ಯಾಪ್ಟನ್ ನೆವಿಲ್ ತನ್ನ ಸೈನಿಕರಿಗೆ ಫುಟ್‌ಬಾಲುಗಳನ್ನು ಕೊಟ್ಟು, ಒದೆಯುತ್ತ ಜರ್ಮನರ ಕಂದಕಗಳವರೆಗೆ ಸಾಗಿರೆಂದನು. ಅಂದು ಒಂದೇ ದಿನ ಸತ್ತ ಬ್ರಿಟಿಷ್ ಸೈನಿಕರು ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು, ನೆವಿಲ್ ಅವರಲ್ಲೊಬ್ಬನು. ಅವನು ಹಂಚಿದ ಚೆಂಡುಗಳಲ್ಲಿ ಒಂದರ ಮೇಲೆ ದೊಡ್ಡ ಅಕ್ಷರಗಳಲ್ಲಿ ರೆಫರಿ ಇಲ್ಲ ಎಂದು ಬರೆದಿತ್ತು.